ಎಷ್ಟು ಬರೆದರೆ ಸಾಕು?

ಈ ಅಂಕಣಕ್ಕೆ ಸಂಪಾದಕರು ಗೊತ್ತುಮಾಡಿರುವ ಜಾಗ ಇಷ್ಟೆಂದರೆ ಇಷ್ಟೇ. ಬರಹ ಮಿತಿ ಮೀರಿದರೆ ಅವರ ಕತ್ತರಿ ಓಡಾಡುತ್ತದೆ. ಕಡಿಮೆ ಬಿದ್ದರೆ ಅಡಿಯಲ್ಲಿ ಯಾವುದೋ ತಲೆನೋವಿನ ಮುಲಾಮಿನ ಜಾಹೀರಾತು ಬಂದು ಕುಳಿತುಕೊಳ್ಳುತ್ತದೆ. ಆದಕಾರಣ ಏನು ಬರೆಯಬೇಕೆಂದು ನಾನು ಚಿಂತಿಸಿದ್ದುಂಟೇ ಹೊರತು, ಎಷ್ಟು ಬರೆಯಬೇಕೆಂದು ಎಂದೂ ಚಿಂತಿಸಿದವನಲ್ಲ. ಅಳತೆ ಅವರದು, ಬಟ್ಟೆ ನನ್ನದು. ಹೀಗೆ ನಿಶ್ಚಿಂತನಾಗಿದ್ದ ನನಗೆ, ಉದ್ದವೆಂಬುದೂ ಒಂದು ಜವಾಬ್ದಾರಿಯ ವಿಷಯವೆಂದು ಕಲಿಸಿಕೊಟ್ಟದ್ದು ಒಂದು ಪೊಟ್ಟಣ ಚಟ್ನಿಪುಡಿ. ಆ ಕಥೆಯನ್ನು ಈ ವಾರ ಹೇಳಿಬಿಡುತ್ತೇನೆ. ಹೇಳಿದರೆ ನನ್ನ ಮಾನ ಸ್ವಲ್ಪ ಹೋಗುವುದೇನೋ ನಿಜ. ಆದರೆ ವಾಚಕರಲ್ಲಿ ಹಲವರ ಮನೆಯಲ್ಲಿ ಮಗಳೋ ಸೊಸೆಯೋ ಇಂತಹದೇ ಒಂದು ಉದ್ಯಮವನ್ನು ನಡೆಸುತ್ತಿರಬಹುದು. ಅವರಿಗೆ ಉಪಯೋಗವಾದರೆ ಹೋದ ಮಾನ ವ್ಯರ್ಥವಾಗಲಾರದು.

ನನ್ನ ತಂಗಿಯ ಮಗಳು ಬೆಂಗಳೂರಿನ ಮಲ್ಲೇಶ್ವರದಲ್ಲಿದ್ದಾಳೆ. 2020ರಲ್ಲಿ, ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದ ಕಾಲದಲ್ಲಿ, ಅವಳ ಗಂಡನ ಕೆಲಸ ಹೋಯಿತು. ಹುಡುಗಿ ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಅಜ್ಜಿಯಿಂದ ಕಲಿತಿದ್ದ ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿಗಳನ್ನು ಮಾಡಿ ಮಾರತೊಡಗಿದಳು. ಮೊದಲು ಬೀದಿಯವರು ಕೊಂಡರು, ಬಳಿಕ ಬಡಾವಣೆಯವರು ಕೊಂಡರು. ದೂರದ ಊರುಗಳಿಗೂ ಕಳುಹಿಸಬಹುದೆಂದು ಧೈರ್ಯ ಬಂದ ಮೇಲೆ ಒಂದು ಜಾಲತಾಣವನ್ನೂ ತೆರೆದಳು. ಗಂಡನಿಗೆ ಮತ್ತೆ ಕೆಲಸ ಸಿಕ್ಕಿತಾದರೂ ಸಂಬಳ ಮೊದಲಿನ ಅರ್ಧ. ಮಗಳ ಕಾಲೇಜಿನ ಶುಲ್ಕ ಈ ಪುಡಿಗಳಿಂದಲೇ ಹೊರಡಬೇಕು. ಹೀಗಾಗಿ, ಮುಂಬಯಿಯಲ್ಲೋ ಪುಣೆಯಲ್ಲೋ ಇರುವ ಕನ್ನಡದ ಗೃಹಿಣಿಯೊಬ್ಬಳು ಮೊಬೈಲಿನಲ್ಲಿ ‘ಚಟ್ನಿಪುಡಿ’ ಎಂದು ಹುಡುಕಿದಾಗ ಇವಳ ಅಂಗಡಿಯ ಹೆಸರು ಕಣ್ಣಿಗೆ ಬೀಳುವುದೋ, ಇಪ್ಪತ್ತು ಹೆಸರುಗಳ ಕೆಳಗೆ ಹೂತುಹೋಗುವುದೋ ಎಂಬುದು ಆ ಮನೆಯಲ್ಲಿ ಕೇವಲ ಕುತೂಹಲದ ಪ್ರಶ್ನೆಯಾಗಿರಲಿಲ್ಲ.

ಈ ವಿದ್ಯೆಯಲ್ಲಿ ಪಳಗಿದವನೆಂದು ಯಾರೋ ಹೇಳಿದ ತರುಣನೊಬ್ಬನನ್ನು ಅವಳು ಗೊತ್ತುಮಾಡಿಕೊಂಡಳು. ಅವನು ತಾಣವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಇದೇನು ಮೇಡಂ, ಚಟ್ನಿಪುಡಿಯ ಪುಟದಲ್ಲಿ ಐದೇ ಸಾಲು! ಪುಟಕ್ಕೆ ಎರಡು ಸಾವಿರ ಪದಗಳಾದರೂ ಇಲ್ಲದಿದ್ದರೆ ಗೂಗಲ್ ಮೂಸಿಯೂ ನೋಡುವುದಿಲ್ಲ” ಎಂದನಂತೆ. ಐದು ಸಾಲಿನ ಪುಡಿಗೆ ಎರಡು ಸಾವಿರ ಪದಗಳನ್ನು ಎಲ್ಲಿಂದ ತರುವುದು? ಹುಡುಗಿಗೆ ಸೋದರಮಾವನ ನೆನಪಾಯಿತು. ಮರುದಿನವೇ ಬಂದು, “ಮಾವ, ನೀವು ವಾರವಾರವೂ ಬರೆಯುತ್ತೀರಿ. ನಮ್ಮ ಪುಡಿಗೂ ಒಂದಿಷ್ಟು ಬರೆದುಕೊಡಿ” ಎಂದಳು.

ಬರೆಯಿರಿ ಎಂದರೆ ಬಿಡುವವನೆ ನಾನು? ಮೂರು ರಾತ್ರಿ ಕುಳಿತು ಬರೆದೆ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆಯೆಂದೂ, ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ನಮ್ಮ ಪಶ್ಚಿಮ ತೀರಕ್ಕೆ ಬಂದಿತೆಂದೂ, ಅದಕ್ಕೆ ಮೊದಲು ನಮ್ಮವರ ನಾಲಗೆಗೆ ಖಾರ ಹತ್ತಿಸುತ್ತಿದ್ದುದು ಕರಿಮೆಣಸೆಂದೂ ಆರಂಭಿಸಿದೆ. ಬ್ಯಾಡಗಿಯ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದನ್ನು ವರ್ಣಿಸಿದೆ. ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಹೊರಟು ಲೋಕವನ್ನು ಸುತ್ತಿದ ಸಾಹಸವನ್ನು ಹೇಳಿ, ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಪರಿಷೆಯ ಸೊಗಸಿಗೆ ಒಂದು ಪ್ಯಾರಾವನ್ನೇ ಮೀಸಲಿಟ್ಟೆ. ಎಣಿಸಿ ನೋಡಿದರೆ 2,040 ಪದಗಳು! ಪರೀಕ್ಷೆಯಲ್ಲಿ ಮೊದಲ ದರ್ಜೆ ಬಂದ ಹುಡುಗನಂತೆ ಅದನ್ನು ನಮ್ಮ ಮನೆಯಾಕೆಗೆ ಓದಿ ಹೇಳಿದೆ.

ಆಕೆ ಪೂರ್ತಿ ಕೇಳಿ, “ಚೆನ್ನಾಗಿದೆ. ಪುಡಿ ಖಾರವೋ ಸಪ್ಪೆಯೋ ಎಂಬುದು ಎಲ್ಲಿ ಬಂತು?” ಎಂದಳು.

“ಹನ್ನೊಂದನೆಯ ಪ್ಯಾರಾದಲ್ಲಿ.”

“ಅಲ್ಲಿಯವರೆಗೆ ಓದುವಷ್ಟರಲ್ಲಿ ಒಲೆಯ ಮೇಲಿನ ಅನ್ನ ಸೀದುಹೋಗಿರುತ್ತದೆ” ಎಂದು ಹೇಳಿ ಒಳಕ್ಕೆ ಹೋದಳು.

ಗಂಡಂದಿರ ಸಾಹಿತ್ಯಕ್ಕೆ ಮನೆಯಲ್ಲಿ ದೊರೆಯುವ ಮರ್ಯಾದೆ ಇಷ್ಟೇ ಎಂದುಕೊಂಡು ನಾನು ಆ ಮಾತನ್ನು ಅಲ್ಲಿಗೇ ಬಿಟ್ಟೆ. ಬಿಡಬಾರದಾಗಿತ್ತು.

ಒಂದೂವರೆ ತಿಂಗಳು ಕಳೆದ ಮೇಲೆ ಒಂದು ಸಂಜೆ ನಾನು ತಂಗಿಯ ಮಗಳ ಮನೆಯಲ್ಲಿದ್ದಾಗಲೇ ಮುಂಬಯಿಯ ಮಾಟುಂಗದಿಂದ ಒಬ್ಬ ತಾಯಿಯ ಕರೆ ಬಂದಿತು. ಆಕೆಗೆ ಏಳು ವರ್ಷದ ಮಗ. ಕಡಲೆಕಾಯಿ ಆ ಮಗುವಿಗೆ ವಿಷ. ಮೂರು ವರ್ಷದವನಾಗಿದ್ದಾಗ ಯಾರೋ ಕೊಟ್ಟ ಚಿಕ್ಕಿಯ ಒಂದು ಚೂರನ್ನು ತಿಂದು, ಮುಖ ಊದಿಕೊಂಡು, ಉಸಿರು ಕಟ್ಟಿ, ಆಸ್ಪತ್ರೆಯಲ್ಲಿ ಒಂದು ರಾತ್ರಿಯನ್ನು ಕಳೆದವನು. ವೈದ್ಯರು ಅದಕ್ಕೆ ಅಲರ್ಜಿ ಎಂದು ಹೆಸರಿಟ್ಟು, ಕಡಲೆಕಾಯಿಯ ಸೋಂಕೂ ಕೂಡದೆಂದು ಎಚ್ಚರಿಸಿದ್ದರು. ಆ ತಾಯಿ ಕೋಪದಿಂದ ಮಾತನಾಡಲಿಲ್ಲ. ಮಾತನಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ.

“ನಿಮ್ಮ ಪುಟವನ್ನು ಕಾಲು ಗಂಟೆ ನೋಡಿದೆನಮ್ಮ” ಎಂದಳು ಆಕೆ. “ಕಡಲೆಕಾಯಿಯ ಚರಿತ್ರೆ ಇತ್ತು, ಪರಿಷೆಯ ವಿಚಾರ ಇತ್ತು. ಚರಿತ್ರೆಯಲ್ಲವೆ ಎಂದು ದಾಟಿಸಿ ಮುಂದೆ ಹೋದೆ. ನಿಮ್ಮ ಪುಡಿಯಲ್ಲೇ ಅದು ಇದೆಯೆಂದು ತಿಳಿಯಲಿಲ್ಲ. ಪೊಟ್ಟಣ ಬಂತು, ತಟ್ಟೆಗೆ ಅನ್ನವನ್ನೂ ಬಡಿಸಿದ್ದೆ. ಸದ್ಯ, ಹಿಂಬದಿಯ ಚೀಟಿ ನೋಡುವ ಅಭ್ಯಾಸ ಉಂಟು.”

ಆಹಾರದ ಪೊಟ್ಟಣಗಳ ಮೇಲೆ ಅಲರ್ಜಿಯುಂಟುಮಾಡುವ ಪ್ರಮುಖ ಪದಾರ್ಥಗಳನ್ನು ಪ್ರತ್ಯೇಕವಾಗಿ ನಮೂದಿಸಬೇಕೆಂದು ನಮ್ಮ ದೇಶದಲ್ಲಿ ನಿಯಮವಿದೆ. ಅದಕ್ಕನುಸಾರವಾಗಿ ಹುಡುಗಿ ಚೀಟಿಯಲ್ಲಿ ಅಚ್ಚುಹಾಕಿಸಿದ್ದಳು: ‘ಕಡಲೆಕಾಯಿ ಬೀಜ ಸೇರಿದೆ.’ ಮೂರು ಪದ. ನನ್ನ ಬರಹದಲ್ಲಿಯೂ ಆ ವಿಷಯ ಇರಲಿಲ್ಲವೆಂದಲ್ಲ. ಹದಿನೇಳನೆಯ ಪ್ಯಾರಾದ ನಡುವೆ, ಹುರಿಗಡಲೆಗೂ ಕೊಬ್ಬರಿಗೂ ಮಧ್ಯೆ, ಒಂದು ಉಪವಾಕ್ಯದೊಳಗೆ ಅಡಗಿಕೊಂಡಿತ್ತು. 2,040 ಪದಗಳು ಆ ತಾಯಿಗೆ ಹೇಳಲಾರದೆ ಹೋದದ್ದನ್ನು ಮೂರು ಪದಗಳ ಚೀಟಿ ಹೇಳಿತು.

ಕರೆ ಮುಗಿಸುವ ಮುನ್ನ ಆಕೆ ಮತ್ತೊಂದು ಪ್ರಶ್ನೆಯನ್ನು ಕೇಳಿದಳು: “ಸಾರಿನಪುಡಿಯನ್ನೂ ನೀವು ಅದೇ ಯಂತ್ರದಲ್ಲಿ ಪುಡಿಮಾಡುತ್ತೀರಾ?” ಹೌದು, ಅದೇ ಯಂತ್ರ. ಇದಕ್ಕೆ ಉತ್ತರ ನನ್ನ ಹದಿನೇಳನೆಯ ಪ್ಯಾರಾದಲ್ಲಿಯೂ ಇರಲಿಲ್ಲ, ಎಪ್ಪತ್ತನೆಯದಿದ್ದಿದ್ದರೂ ಇರುತ್ತಿರಲಿಲ್ಲ. ನನ್ನ ಪುಟ ಏಕಕಾಲದಲ್ಲಿ ಅತಿ ಉದ್ದವೂ ಅತಿ ಗಿಡ್ಡವೂ ಆಗಿತ್ತು. ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಬೆಳಗಾದ ಮೇಲೆ ಮೊದಲು ಹುಟ್ಟಿದ ಪ್ರಶ್ನೆ ಇದು: ಈ ಎರಡು ಸಾವಿರವೆಂಬ ಸಂಖ್ಯೆ ಬಂದದ್ದಾದರೂ ಎಲ್ಲಿಂದ? ಓದಿದೆ, ತಿಳಿದವರನ್ನು ಕೇಳಿದೆ. ತಿಳಿದುಬಂದದ್ದನ್ನು ಅಡಿಗೆಮನೆಯ ಭಾಷೆಯಲ್ಲಿಯೇ ಹೇಳಲು ಯತ್ನಿಸುತ್ತೇನೆ.

ಶೋಧಯಂತ್ರವೆಂಬುದು ಮೂರು ಕೆಲಸಗಳನ್ನು ಮಾಡುತ್ತದೆ. ಮೊದಲನೆಯದಾಗಿ, ಕೊಂಡಿಯಿಂದ ಕೊಂಡಿಗೆ ಹಾದು ಜಾಲದ ಪುಟಗಳನ್ನೆಲ್ಲ ಅಲೆದು ನೋಡಿಬರುತ್ತದೆ. ಎರಡನೆಯದಾಗಿ, ದೊಡ್ಡ ಗ್ರಂಥದ ಕೊನೆಯಲ್ಲಿ ಅಕಾರಾದಿ ಇರುವಂತೆ, ಯಾವ ವಿಷಯ ಯಾವ ಪುಟದಲ್ಲಿದೆ ಎಂಬುದನ್ನು ಪಟ್ಟಿಮಾಡಿಕೊಳ್ಳುತ್ತದೆ. ಮೂರನೆಯದಾಗಿ, ನಾವು ಏನನ್ನಾದರೂ ಕೇಳಿದಾಗ, ಆ ಪಟ್ಟಿಯಿಂದ ತಕ್ಕವೆಂದು ತೋರಿದವುಗಳನ್ನು ಆಯ್ದು ಸಾಲಾಗಿ ನಿಲ್ಲಿಸುತ್ತದೆ. ತಕರಾರೆಲ್ಲ ಈ ಮೂರನೆಯ ಕೆಲಸದ ವಿಚಾರದಲ್ಲಿಯೇ. ಸಾಲಿನಲ್ಲಿ ಮುಂದೆ ನಿಲ್ಲುವ ಆಸೆ ಯಾರಿಗಿಲ್ಲ?

1990ರ ದಶಕದ ಶೋಧಯಂತ್ರಗಳು ಕೇಳಿದ ಪದ ಪುಟದಲ್ಲಿ ಎಷ್ಟು ಸಲ ಬಂದಿದೆಯೆಂಬುದಕ್ಕೆ ಬಹಳ ಬೆಲೆ ಕೊಡುತ್ತಿದ್ದವು. ಜಾಣರು ಸುಮ್ಮನಿರುವರೆ? ಒಂದೇ ಪದವನ್ನು ಜಪಮಾಲೆಯಂತೆ ನೂರಾರು ಸಲ ತುಂಬಿದರು. ಓದುಗರಿಗೆ ಬೇಸರವಾಗದಿರಲೆಂದು ಬಿಳಿಯ ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಅದನ್ನು ಮರೆಮಾಡಿದವರೂ ಉಂಟು. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಗೂಗಲ್ ಸಂಸ್ಥೆಯನ್ನು ಕಟ್ಟಿದಾಗ, ಒಂದು ಪುಟವನ್ನು ಎಷ್ಟು ಪುಟಗಳು, ಎಂತಹ ಪುಟಗಳು ಕೊಂಡಿಯ ಮೂಲಕ ತೋರಿಸುತ್ತವೆ ಎಂಬುದನ್ನೂ ಎಣಿಸುವ ಹೊಸ ದಾರಿಯನ್ನು ಹಿಡಿದರು. ತನ್ನನ್ನು ತಾನು ಹೊಗಳಿಕೊಂಡರೆ ಸಾಲದು, ನಾಲ್ಕು ಜನ ಹೇಳಬೇಕು ಎಂಬ ಲೋಕರೂಢಿಯ ಲೆಕ್ಕವೇ ಅದು.

ಆಮೇಲೆ ಬಂದದ್ದು ಜೊಳ್ಳು ಪುಟಗಳ ಕಾಲ. ದಿನಕ್ಕೆ ಸಾವಿರಾರು ಅರೆಬೆಂದ ಬರಹಗಳನ್ನು ಉದುರಿಸಿ ಜಾಹೀರಾತಿನಿಂದ ಹಣ ಮಾಡುವ ಕಾರ್ಖಾನೆಗಳು ಹುಟ್ಟಿಕೊಂಡವು. 2011ರ ಫೆಬ್ರವರಿಯಲ್ಲಿ ಗೂಗಲ್ ‘ಪಾಂಡಾ’ ಎಂಬ ಹೆಸರಿನ ಬದಲಾವಣೆಯನ್ನು ತಂದು ಇಂತಹ ಪುಟಗಳನ್ನು ಕೆಳಕ್ಕೆ ತಳ್ಳಿತು. ಅಮೆರಿಕದಲ್ಲಿ ನೂರಕ್ಕೆ ಸುಮಾರು ಹನ್ನೆರಡು ಹುಡುಕಾಟಗಳ ಫಲಿತಾಂಶ ಅದರಿಂದ ಬದಲಾಯಿತು. ಶಿಕ್ಷೆಯಾದದ್ದು ತಿರುಳಿಲ್ಲದ ಬರಹಕ್ಕೆ. ಆದರೆ ಜನರು ಅದನ್ನು ಗಿಡ್ಡ ಬರಹಕ್ಕಾದ ಶಿಕ್ಷೆಯೆಂದು ಅರ್ಥಮಾಡಿಕೊಂಡು ಉದ್ದವಾಗಿ ಬರೆಯತೊಡಗಿದರು. ಬಡಕಲು ಹಸುವನ್ನು ಸಂತೆಯಲ್ಲಿ ಯಾರೂ ಕೊಳ್ಳಲಿಲ್ಲವೆಂದು ಅದರ ಬಾಲವನ್ನು ಉದ್ದಮಾಡಿದ ಹಾಗಾಯಿತು.

ಇದಕ್ಕೆ ಅಂಕಿ ಅಂಶಗಳ ಬೆಂಬಲವೂ ಸಿಕ್ಕಿತು. ಬ್ಯಾಕ್‌ಲಿಂಕೊ ಎಂಬ ಸಂಸ್ಥೆ 2016ರಲ್ಲಿ, ಗೂಗಲ್‌ನ ಮೊದಲ ಪುಟದಲ್ಲಿ ಕಾಣುವ ಬರಹಗಳ ಸರಾಸರಿ ಉದ್ದ 1,890 ಪದಗಳೆಂದು ಪ್ರಕಟಿಸಿತು. 2020ರಲ್ಲಿ ಅದೇ ಸಂಸ್ಥೆ ಮತ್ತೆ ಲೆಕ್ಕಹಾಕಿದಾಗ ಸರಾಸರಿ 1,447ಕ್ಕೆ ಇಳಿದಿತ್ತು. ನಮ್ಮ ತರುಣನ ಎರಡು ಸಾವಿರ ಇಂತಹ ಲೆಕ್ಕಗಳ ಮೊಮ್ಮಗುವಿರಬೇಕು. ಲೆಕ್ಕ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ದೊಡ್ಡ ಚಪ್ಪರ ಹಾಕಿದ ಮದುವೆಗಳಲ್ಲಿ ನೆಂಟರು ಹೆಚ್ಚಾಗಿರುತ್ತಾರೆಂಬುದು ನಿಜವಾದರೂ, ಚಪ್ಪರವನ್ನು ಹಿಗ್ಗಿಸಿದ ಮಾತ್ರಕ್ಕೆ ನೆಂಟರು ಹೆಚ್ಚುವರೆ? ಹೇಳಲು ಬಹಳವಿದ್ದವರು ಉದ್ದವಾಗಿ ಬರೆದರು, ಅದನ್ನು ಜನ ಮೆಚ್ಚಿದರು. ಉದ್ದ ಅದರ ಜೊತೆಗೆ ಬಂದದ್ದು, ಅದರ ಕಾರಣವಲ್ಲ. ಇನ್ನು ಸರಾಸರಿಯ ಮಾತು: ನಮ್ಮ ಮನೆಯ ಐವರ ಪಾದಗಳ ಸರಾಸರಿ ತೆಗೆದು ಐದು ಜೊತೆ ಚಪ್ಪಲಿ ತಂದರೆ ಒಬ್ಬರ ಕಾಲಿಗಾದರೂ ಸರಿಹೋದೀತೆಂಬ ನಂಬಿಕೆ ನನಗಿಲ್ಲ.

ಗೂಗಲ್ ಸಂಸ್ಥೆ ಏನನ್ನುತ್ತದೆ? ತನಗೆ ಇಷ್ಟವಾದ ಪದಸಂಖ್ಯೆಯೆಂಬುದೊಂದು ಇಲ್ಲವೇ ಇಲ್ಲ ಎಂದು ಅದು ತನ್ನ ಮಾರ್ಗದರ್ಶಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಕನಿಷ್ಠವೂ ಇಲ್ಲ, ಗರಿಷ್ಠವೂ ಇಲ್ಲ. ಪದಸಂಖ್ಯೆಯಿಂದ ಸ್ಥಾನ ನಿರ್ಧಾರವಾಗುವುದಿಲ್ಲವೆಂದು ಆ ಸಂಸ್ಥೆಯ ಜಾನ್ ಮ್ಯೂಲರ್ ಹಲವು ಸಲ ಬಹಿರಂಗವಾಗಿ ಹೇಳಿದ್ದಾರೆ. 2022ರ ಆಗಸ್ಟಿನಿಂದೀಚೆಗೆ, ಶೋಧಯಂತ್ರಕ್ಕಾಗಿ ಬರೆದದ್ದನ್ನು ಹಿಂದಿಟ್ಟು, ಮನುಷ್ಯರಿಗಾಗಿ ಬರೆದದ್ದನ್ನು ಮುಂದಿಡುವ ಪ್ರಯತ್ನವನ್ನು ಅದು ಇನ್ನಷ್ಟು ಬಿಗಿಮಾಡಿದೆ. ಉದ್ದವಾದ ಬರಹಕ್ಕೆ ಅದರಿಂದ ಹಾನಿಯೇನೂ ಇಲ್ಲ. 2021ರಿಂದ, ಮೊದಲು ಅಮೆರಿಕದ ಇಂಗ್ಲಿಷ್ ಹುಡುಕಾಟಗಳಲ್ಲಿ, ದೊಡ್ಡ ಪುಟದ ಒಳಗಿನ ಒಂದು ಭಾಗವನ್ನು ಮಾತ್ರ ಗುರುತಿಸಿ ಬೆಲೆಕಟ್ಟುವ ಏರ್ಪಾಟೂ ಬಂದಿದೆ. ಅಂದಮೇಲೆ ನಾನು ಯಾರಿಗಾಗಿ ಮೂರು ರಾತ್ರಿ ನಿದ್ದೆಗೆಟ್ಟೆನೋ ಆ ಯಂತ್ರ ನನ್ನನ್ನು ಉದ್ದವಾಗಿ ಬರೆಯೆಂದು ಕೇಳಿಯೇ ಇರಲಿಲ್ಲ!

ಯಂತ್ರದ ಮಾತಾಯಿತು. ಮನುಷ್ಯರ ಮಾತೇನು? ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಜೇಕಬ್ ನೀಲ್ಸನ್ ಎಂಬ ಪಂಡಿತರು ಜನ ಜಾಲದಲ್ಲಿ ಹೇಗೆ ಓದುತ್ತಾರೆಂಬುದನ್ನೇ ಜೀವಮಾನದ ಅಧ್ಯಯನವಾಗಿಟ್ಟುಕೊಂಡವರು. 1997ರಲ್ಲಿ ಅವರು ಪರೀಕ್ಷಿಸಿದವರ ಪೈಕಿ ನೂರಕ್ಕೆ 79 ಮಂದಿ ಹೊಸ ಪುಟದ ಮೇಲೆ ಸುಮ್ಮನೆ ಕಣ್ಣಾಡಿಸಿದರು. ಪದಪದವನ್ನೂ ಓದಿದವರು 16 ಮಂದಿ ಮಾತ್ರ. ಅದೇ ಬರಹವನ್ನು ಅರ್ಧಕ್ಕೆ ಇಳಿಸಿ ಕೊಟ್ಟಾಗ ಅದರ ಉಪಯುಕ್ತತೆ ನೂರಕ್ಕೆ 58ರಷ್ಟು ಹೆಚ್ಚಿತು. 2008ರಲ್ಲಿ ಅವರು ಮಾಡಿದ ಮತ್ತೊಂದು ಲೆಕ್ಕದಂತೆ, ಸಾಮಾನ್ಯ ಪುಟವೊಂದರಲ್ಲಿ ಓದುಗರು ಓದುವುದು ಹೆಚ್ಚೆಂದರೆ ನೂರಕ್ಕೆ 28 ಪದಗಳನ್ನು. 20 ಎನ್ನುವುದು ಸತ್ಯಕ್ಕೆ ಇನ್ನೂ ಹತ್ತಿರ. ಮಾಟುಂಗದ ಆ ತಾಯಿ ಸೋಮಾರಿಯಾಗಿರಲಿಲ್ಲ. ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಮೊಬೈಲು ಹಿಡಿದು ಎಲ್ಲರೂ ಓದುವಂತೆಯೇ ಓದಿದಳು. ಎಲ್ಲರೂ ಹಾಗೆಯೇ ಓದುತ್ತಾರೆಂಬುದನ್ನು ತಿಳಿದಿರಬೇಕಾಗಿದ್ದವನು ನಾನು.

ಇಲ್ಲಿ ಕನ್ನಡದ ಮಾತೊಂದನ್ನು ಹೇಳದೆ ಮುಂದೆ ಹೋಗಲಾರೆ. ಈ ಪದಸಂಖ್ಯೆಯ ಲೆಕ್ಕಗಳೆಲ್ಲ ಬಹುಮಟ್ಟಿಗೆ ಇಂಗ್ಲಿಷ್ ಪುಟಗಳನ್ನು ಎಣಿಸಿ ಮಾಡಿದವು. ನಮ್ಮ ಭಾಷೆ ಪದಕ್ಕೆ ಪದವನ್ನು ಬೆಸೆಯುವ ಭಾಷೆ. ‘ಬರಬೇಕಾಗಿದ್ದುದರಿಂದ’ ಎಂಬುದು ನಮಗೆ ಒಂದೇ ಪದ. ಇಂಗ್ಲಿಷಿನವನಿಗೆ ಅಷ್ಟನ್ನು ಹೇಳಲು ನಾಲ್ಕೈದು ಪದಗಳು ಬೇಕು. ಆದ್ದರಿಂದ ಅವರ ಎರಡು ಸಾವಿರವೂ ನಮ್ಮ ಎರಡು ಸಾವಿರವೂ ಒಂದೇ ಅಲ್ಲ. ಅಕ್ಷರಗಳನ್ನು ಎಣಿಸಹೊರಟರಂತೂ ಇನ್ನೂ ಪೇಚಾಟ. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಗಣಕಯಂತ್ರವು ಮೂರು ವ್ಯಂಜನ, ನಡುವಿನ ಎರಡು ವಿರಾಮಚಿಹ್ನೆ, ಒಂದು ಸ್ವರಚಿಹ್ನೆ ಎಂದು ಆರಾಗಿ ಎಣಿಸುತ್ತದೆ. ಮೊಬೈಲಿನ ಒಂದು ಕಿರುಸಂದೇಶದಲ್ಲಿ ಇಂಗ್ಲಿಷಿನ 160 ಅಕ್ಷರಗಳು ಹಿಡಿಸುತ್ತವೆ. ಕನ್ನಡಕ್ಕೆ ಸಿಗುವುದು 70 ಸಂಕೇತಗಳ ಜಾಗ ಮಾತ್ರ. ಪರದೇಶದ ಮೊಳಕೋಲಿನಿಂದ ನಮ್ಮ ಸೀರೆಯನ್ನು ಅಳೆದರೆ ನೆರಿಗೆ ಸರಿಬರುವುದಿಲ್ಲ.

ಇಷ್ಟೆಲ್ಲ ತಿಳಿದುಕೊಂಡ ಮೇಲೆ ನಾನು ಮಾಡಿದ್ದೇನು? ಎಲ್ಲ ಪಶ್ಚಾತ್ತಾಪಿಗಳಂತೆ ಇನ್ನೊಂದು ತುದಿಗೆ ಓಡಿದೆ. ಕತ್ತರಿಸಿ ಕತ್ತರಿಸಿ ಪುಟವನ್ನು ಆರು ಸಾಲಿಗೆ ಇಳಿಸಿದೆ. ನನಗೆ ತಂತಿಯ ಕಾಲ ನೆನಪಾಗಿತ್ತು. ಅಂಚೆ ಕಚೇರಿಯಲ್ಲಿ ಪದಕ್ಕಿಷ್ಟೆಂದು ಹಣ ಕಟ್ಟಿ ತಂತಿ ಕಳುಹಿಸುತ್ತಿದ್ದ ದಿನಗಳಲ್ಲಿ ನಮ್ಮ ತಂದೆ ಬೆರಳು ಮಡಿಸಿ ಪದಗಳನ್ನು ಎಣಿಸುತ್ತಿದ್ದರು. ಒಂದು ಹೆಚ್ಚಾದರೂ ಹೊಡೆದುಹಾಕುತ್ತಿದ್ದರು. ಆ ಸೇವೆ 2013ರ ಜುಲೈನಲ್ಲಿ ನಿಂತೇಹೋಯಿತು. ಆದರೆ ತಂತಿಯಲ್ಲಿ ‘ಕೂಡಲೇ ಹೊರಡು’ ಎಂದು ಓದಿದವನ ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತೆಂಬುದನ್ನು ಅನುಭವಿಸಿದವರೇ ಬಲ್ಲರು. ಕಾರಣವೇನು, ಯಾರಿಗೇನಾಯಿತು? ಪದ ಉಳಿಯುತ್ತಿತ್ತು, ಸಮಾಧಾನ ಉಳಿಯುತ್ತಿರಲಿಲ್ಲ.

ಆರು ಸಾಲಿನ ಪುಟಕ್ಕೂ ಅದೇ ಗತಿಯಾಯಿತು. ದಿನವಿಡೀ ಕರೆಗಳು. ಎಷ್ಟು ದಿನ ಇಡಬಹುದು? ಬೆಳ್ಳುಳ್ಳಿ ಇದೆಯೆ? ಮಕ್ಕಳಿಗೆ ಖಾರವಾಗುವುದೆ? ಪುಣೆಗೆ ತಲುಪಲು ಎಷ್ಟು ದಿನ? ಹುಡುಗಿ ಹುರಿಯುವುದನ್ನು ಬಿಟ್ಟು ಉತ್ತರ ಹೇಳುತ್ತ ನಿಲ್ಲಬೇಕಾಯಿತು. ಒಂದು ಬಾಣಲೆ ಉದ್ದಿನಬೇಳೆ ಕಪ್ಪಾಯಿತು. ಕರೆಮಾಡುವ ತಾಳ್ಮೆಯಿಲ್ಲದವರು ಸದ್ದಿಲ್ಲದೆ ಬೇರೆ ಅಂಗಡಿಗೆ ಹೋದರು.

ಕೊನೆಗೆ ದಾರಿ ತೋರಿಸಿದವಳು ನಮ್ಮ ಮನೆಯಾಕೆ. “ನೀವು ಎಷ್ಟು ಬರೆಯಬೇಕೆಂದು ನಿಮ್ಮನ್ನೇ ಏಕೆ ಕೇಳಿಕೊಳ್ಳುತ್ತೀರಿ? ಕೊಳ್ಳುವವರು ಏನು ಕೇಳುತ್ತಾರೋ ಅದನ್ನು ಬರೆದಿಡಬಾರದೆ?” ಎಂದಳು. ತಂಗಿಯ ಮಗಳು ಹದಿನೈದು ದಿನ ದೂರವಾಣಿಯ ಪಕ್ಕದಲ್ಲಿ ಒಂದು ಪುಸ್ತಕವನ್ನಿಟ್ಟು, ಬಂದ ಪ್ರಶ್ನೆಗಳನ್ನೆಲ್ಲ ಗುರುತುಹಾಕಿಕೊಂಡಳು. ಮತ್ತೆ ಮತ್ತೆ ಬಂದ ಪ್ರಶ್ನೆಗಳು ಒಂಬತ್ತು. ಅವುಗಳಲ್ಲಿ ಯಾವುದಕ್ಕೆ ಉತ್ತರ ಸಿಗದಿದ್ದರೆ ಅಪಾಯವೋ ಅದನ್ನು ಮೊದಲಿಗಿಟ್ಟೆವು. ಯಾವುದಕ್ಕೆ ಸಿಗದಿದ್ದರೆ ಬರಿಯ ತೊಂದರೆಯೋ ಅದನ್ನು ಅನಂತರ. ಸಿಕ್ಕಿದರೆ ಸಂತೋಷವೆನ್ನುವಂತಹವನ್ನು ಕೊನೆಗೆ. ವಾರ್ತಾಪತ್ರಿಕೆಗಳವರು ಮುಖ್ಯ ಸಂಗತಿಯನ್ನು ಮೊದಲ ವಾಕ್ಯದಲ್ಲಿಯೇ ಹೇಳಿ ವಿವರಗಳನ್ನು ಆಮೇಲೆ ಇಳಿಸುತ್ತಾರಲ್ಲ, ಅದೇ ಕ್ರಮ. ಒಂಬತ್ತು ಉತ್ತರಗಳು ಮುಗಿದೊಡನೆ ಲೇಖನಿಯನ್ನು ಕೆಳಗಿಟ್ಟೆ. ಎಣಿಸಿದಾಗ 260 ಪದಗಳಾಗಿದ್ದವು. ಅದು ಗುರಿಯಿಟ್ಟು ಮುಟ್ಟಿದ ಸಂಖ್ಯೆಯಲ್ಲ. ಪುಡಿಯ ವಿಷಯ ಹೇಳಿ ಮುಗಿದಾಗ ತಾನಾಗಿ ಉಳಿದ ಸಂಖ್ಯೆ.

ಆದರೆ ಅದೇ ತಾಣದಲ್ಲಿ 1,300 ಪದಗಳ ಪುಟವೂ ಒಂದಿದೆಯೆಂದರೆ ನೀವು ನಂಬಬೇಕು. ಅದು ಪುಳಿಯೋಗರೆಯ ಗೊಜ್ಜು ಮಾಡುವ ಕ್ರಮ. ಮೊದಲ ಸಲ ಒಲೆಯ ಮುಂದೆ ನಿಂತವರಿಗೆ ಹುಣಿಸೆಹಣ್ಣು ಎಷ್ಟು ಹೊತ್ತು ನೆನೆಯಬೇಕು, ಗೊಜ್ಜು ಯಾವಾಗ ಎಣ್ಣೆ ಬಿಡುತ್ತದೆ, ಬೆಲ್ಲ ಹೆಚ್ಚಾದರೆ ಏನು ಮಾಡಬೇಕು ಎಂಬುದೆಲ್ಲ ಬೇಕು. ಅದನ್ನು 260 ಪದಗಳಿಗೆ ಇಳಿಸಿದರೆ ಪದಗಳ ಉಳಿತಾಯ, ಗೊಜ್ಜಿನ ನಾಶ. ಹೊರದೇಶದಲ್ಲಿರುವ ಹೆಣ್ಣುಮಕ್ಕಳು ಆ ಪುಟವನ್ನು ಕಡೆಯವರೆಗೆ ಓದಿ, ಮತ್ತೇನೋ ಸಂಶಯವೆಂದು ಪತ್ರವನ್ನೂ ಬರೆಯುತ್ತಾರೆ. ಸರ್ವಜ್ಞನಿಗೆ ಮೂರು ಸಾಲು ಸಾಕಾಯಿತು, ಕುಮಾರವ್ಯಾಸನಿಗೆ ಹತ್ತು ಪರ್ವಗಳು ಬೇಕಾದವು. ಇಬ್ಬರಲ್ಲಿ ಯಾರದು ಸರಿಯಾದ ಉದ್ದ ಎಂದು ಕನ್ನಡಿಗರು ಎಂದಾದರೂ ಕೇಳಿದ್ದುಂಟೆ?

ಶೀರ್ಷಿಕೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ಹುಡುಕಿದಾಗ ಮೊದಲು ಕಾಣುವುದು ಪುಟದ ಶೀರ್ಷಿಕೆ ಮತ್ತು ಅದರ ಕೆಳಗಿನ ಒಂದೆರಡು ಸಾಲುಗಳ ವಿವರಣೆ. ಇವಕ್ಕೂ ಗೂಗಲ್ ಇಂತಿಷ್ಟೇ ಎಂದು ಕಟ್ಟುಪಾಡು ಮಾಡಿಲ್ಲ. ಪರದೆಯ ಅಗಲಕ್ಕೆ ಹಿಡಿಸುವಷ್ಟನ್ನು ತೋರಿಸಿ ಉಳಿದದ್ದನ್ನು ಕತ್ತರಿಸುತ್ತದೆ, ಕೆಲವು ವೇಳೆ ಪುಟದ ಒಳಗಿನ ಬೇರೆ ಸಾಲುಗಳನ್ನೇ ಎತ್ತಿ ತೋರಿಸುತ್ತದೆ. 2017ರ ಡಿಸೆಂಬರಿನಲ್ಲಿ ಅದು ವಿವರಣೆಯ ಜಾಗವನ್ನು ಸುಮಾರು ಇಮ್ಮಡಿ ಮಾಡಿತು. ಹಲವರು ರಾತ್ರಿ ಹಗಲು ಕುಳಿತು ತಮ್ಮ ವಿವರಣೆಗಳನ್ನು ಹಿಗ್ಗಿಸಿದರು. 2018ರ ಮೇ ತಿಂಗಳಿನಲ್ಲಿ ಅದು ಮತ್ತೆ ಮೊದಲಿನಂತೆ ಕುಗ್ಗಿತು! ಅಳತೆಯ ಬೆನ್ನು ಹತ್ತಿದವರ ಪಾಡು ಇದು. ಹೇಳಬೇಕಾದ ಮುಖ್ಯ ಮಾತನ್ನು ಮೊದಲ ನಾಲ್ಕೈದು ಪದಗಳಲ್ಲಿಯೇ ಹೇಳಿಬಿಟ್ಟವರಿಗೆ ಹಿಗ್ಗಿದರೂ ಚಿಂತೆಯಿಲ್ಲ, ಕುಗ್ಗಿದರೂ ಚಿಂತೆಯಿಲ್ಲ.

ಬರೆದದ್ದು ಸರಿಯಾಗಿದೆಯೆ ಎಂದು ಪರೀಕ್ಷಿಸಲು ನಾವು ಈಗ ಒಂದು ಸುಲಭ ಉಪಾಯವನ್ನು ಹಿಡಿದಿದ್ದೇವೆ. ಪುಟವನ್ನು ನೋಡದವರೊಬ್ಬರ ಕೈಗೆ ಮೊಬೈಲು ಕೊಟ್ಟು, ಒಂದು ಪ್ರಶ್ನೆ ಕೇಳುವುದು. ಉತ್ತರ ಸಿಗಲು ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಆ ಉತ್ತರವನ್ನು ಮೇಲಕ್ಕೆ ತರುವುದು, ಇಲ್ಲವೆ ಅದಕ್ಕೊಂದು ಉಪಶೀರ್ಷಿಕೆ ಕೊಡುವುದು. ಆಮೇಲೆ ಒಂದೊಂದೇ ವಾಕ್ಯವನ್ನು ಬೆರಳಿನಿಂದ ಮುಚ್ಚಿ, ಇದಿಲ್ಲದಿದ್ದರೆ ಯಾರಿಗೆ ನಷ್ಟ ಎಂದು ಕೇಳಿಕೊಳ್ಳುವುದು. ಬರೆದವನಿಗೆ ಮಾತ್ರ ನಷ್ಟವೆಂದು ಉತ್ತರ ಬಂದರೆ ಆ ವಾಕ್ಯ ಹೋಗಬೇಕು. ನನ್ನ ಪೋರ್ಚುಗೀಸರು ಹೋದದ್ದು ಹೀಗೆಯೇ. ಹಾಗೆಂದು ಹುಡುಗಿ ಅವರನ್ನು ಪೂರ್ತಿ ಬೀದಿಪಾಲು ಮಾಡಲಿಲ್ಲ. ‘ಮೆಣಸಿನಕಾಯಿಯ ಕಥೆ’ ಎಂದು ಬೇರೊಂದು ಪುಟಮಾಡಿ ಅಲ್ಲಿ ಕೂರಿಸಿದ್ದಾಳೆ. ಕಥೆ ಬೇಕೆಂದು ಹುಡುಕಿಕೊಂಡು ಬರುವವರೂ ಆಗಾಗ ಒಬ್ಬರಿಬ್ಬರು ಸಿಗುತ್ತಾರೆಂದು ಹೇಳಿ ನನ್ನನ್ನು ಸಂತೈಸುತ್ತಾಳೆ.

ಇಂದು ಎರಡು ಸಾವಿರ ಪದ ಬೇಕೆಂದರೆ ಮೂರು ರಾತ್ರಿ ನಿದ್ದೆಗೆಡಬೇಕಾಗಿಯೂ ಇಲ್ಲ. ಕೇಳಿದೊಡನೆ ಯಂತ್ರವೇ ಅರೆನಿಮಿಷದಲ್ಲಿ ಬರೆದುಕೊಡುತ್ತದೆ. ಹಿಂದೆ ಉದ್ದವಾದ ಬರಹವನ್ನು ಕಂಡರೆ ಯಾರೋ ಶ್ರಮಪಟ್ಟಿದ್ದಾರೆಂಬ ಗೌರವವಾದರೂ ಹುಟ್ಟುತ್ತಿತ್ತು. ಆ ಗೌರವವೂ ಈಗ ಉದ್ದಕ್ಕೆ ಉಳಿದಿಲ್ಲ. ಆದರೆ ಮಾಟುಂಗದ ತಾಯಿ ಏನು ಕೇಳುತ್ತಾಳೆಂಬುದು ಯಾರೂ ಹೇಳಿಕೊಡದೆ ಯಂತ್ರಕ್ಕೆ ತಿಳಿಯುವಂತಿಲ್ಲ. ದೂರವಾಣಿಯ ಪಕ್ಕದಲ್ಲಿ ಪುಸ್ತಕವಿಟ್ಟುಕೊಂಡವಳಿಗೆ ತಿಳಿಯುತ್ತದೆ.

ಈಗ ಚಟ್ನಿಪುಡಿಯ ಪುಟವನ್ನು ತೆರೆದರೆ, ಹೆಸರು ಮತ್ತು ಬೆಲೆಯ ಕೆಳಗೆ, ಚಿತ್ರಕ್ಕಿಂತ ಮೇಲೆ, ದಪ್ಪಕ್ಷರಗಳಲ್ಲಿ ಕಾಣುವುದು ಆ ಮೂರೇ ಪದಗಳು. ಉಳಿದ ಪುಡಿಗಳ ಪುಟಗಳಲ್ಲಿ ಅದೇ ಜಾಗದಲ್ಲಿ, ಇದನ್ನು ಕಡಲೆಕಾಯಿ ಬಳಸುವ ಯಂತ್ರದಲ್ಲಿಯೇ ಪುಡಿಮಾಡಲಾಗಿದೆ ಎಂಬ ಎಚ್ಚರಿಕೆಯಿದೆ. ಅದನ್ನು ಓದಿ ಕೆಲವರು ಕೊಳ್ಳದೆ ಹಿಂದಿರುಗುತ್ತಾರೆ. “ಹೋಗಲಿ ಬಿಡಿ ಮಾವ, ಅವರು ಹಿಂದಿರುಗಲೆಂದೇ ಅದನ್ನು ಬರೆದಿರುವುದು” ಎನ್ನುತ್ತಾಳೆ ಹುಡುಗಿ. ಕಳೆದ ದೀಪಾವಳಿಗೆ ಅವಳು ಎರಡನೆಯ ಯಂತ್ರವನ್ನು ಕೊಂಡಳು; ಕಡಲೆಕಾಯಿ ಆ ಕೋಣೆಯ ಹೊಸಿಲನ್ನೂ ದಾಟುವಂತಿಲ್ಲ. ಅದರಲ್ಲಿ ತಯಾರಾದ ಮೊದಲ ಸಾರಿನಪುಡಿಯ ಪೊಟ್ಟಣ ಮಾಟುಂಗಕ್ಕೆ ಹೋಯಿತು. ಜೊತೆಗೊಂದು ಪತ್ರ ಬರೆಯೆಂದು ನನ್ನನ್ನು ಕೇಳಿದಳು. ಬರೆದುಕೊಟ್ಟೆ, ನಾಲ್ಕು ಸಾಲು. ನಮ್ಮ ಮನೆಯಾಕೆ ಅದನ್ನು ಓದಿ ಏನೂ ಹೇಳದೆ ಮಡಿಸಿ ಲಕೋಟೆಯೊಳಗಿಟ್ಟಳು.